ಮೂರು ವರದಿ, ಮೂರು ಲೆಕ್ಕ: ಒಂದು ಬಿಐ ವ್ಯವಸ್ಥೆಯ ರಿಪೇರಿ

ಯಂತ್ರಗಳ ಬಿಡಿಭಾಗ ಸರಬರಾಜು ಮಾಡುವ ಒಂದು ಕಂಪನಿಯ ವರದಿ ವ್ಯವಸ್ಥೆಯನ್ನು ಸರಿಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹಲವು ಗೋದಾಮು, ಸಾವಿರಾರು ಬಗೆಯ ಸಾಮಾನು. ಯಾವುದನ್ನು ತರಿಸಬೇಕು, ಎಷ್ಟು ತರಿಸಬೇಕು ಅಂತ ವಾರಕ್ಕೊಮ್ಮೆ ಎಲ್ಲರೂ ಕೂತು ತೀರ್ಮಾನ ಮಾಡಬೇಕು. ಆದರೆ ಮಾರಾಟದವರು ಒಂದು ಲೆಕ್ಕ ತರುತ್ತಿದ್ದರು, ಗೋದಾಮಿನವರು ಇನ್ನೊಂದು, ಅಕೌಂಟ್ಸ್‌ನವರು ಮತ್ತೊಂದು. ಯಾರ ಲೆಕ್ಕ ಸರಿ ಅನ್ನುವುದರಲ್ಲೇ ಹೊತ್ತು ಹೋಗುತ್ತಿತ್ತು. ಕೊನೆಗೆ ಹಳಬರೊಬ್ಬರು ಅಂದಾಜಿನ ಮೇಲೆ ಒಂದು ಸಂಖ್ಯೆ ಹೇಳುತ್ತಿದ್ದರು, ಅದೇ ಆರ್ಡರ್ ಆಗುತ್ತಿತ್ತು.

ಬಿಐ, ಅಂದರೆ ಬಿಸಿನೆಸ್ ಇಂಟೆಲಿಜೆನ್ಸ್, ಕಂಪನಿಯ ಮಾಹಿತಿಯನ್ನು ಒಟ್ಟುಮಾಡಿ ನಿರ್ಧಾರಕ್ಕೆ ಒದಗಿಸುವ ವ್ಯವಸ್ಥೆ, ಇರಲಿಲ್ಲ ಅಂತಲ್ಲ. ಟೂಲ್ ಇತ್ತು, ಅದರಲ್ಲಿ ಹತ್ತಾರು ಡ್ಯಾಶ್‌ಬೋರ್ಡ್ ಇದ್ದವು, ಬಣ್ಣದ ಚಾರ್ಟ್‌ಗಳಿಗೂ ಕೊರತೆ ಇರಲಿಲ್ಲ. ಅವುಗಳನ್ನು ನೋಡಿ ಯಾರೂ ಏನನ್ನೂ ನಿರ್ಧರಿಸುತ್ತಿರಲಿಲ್ಲ. ಏನು ಕೆಟ್ಟಿತ್ತು, ಹೇಗೆ ಸರಿಹೋಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಇಂಥದ್ದೇ ಕೆಲಸಕ್ಕೆ ಕೈ ಹಾಕಿದವರಿಗೆ ಉಪಯೋಗ ಆಗಬಹುದು.

ನಿರ್ಧಾರ ಮೊದಲು, ಟೂಲ್ ಆಮೇಲೆ

ಎಲ್ಲರೂ ಮೊದಲು ಕೇಳಿದ್ದು ಹೊಸ ಟೂಲ್ ಯಾವುದು ಅಂತ. ನಾನು ಆ ಕಡೆ ತಲೆ ಹಾಕಲಿಲ್ಲ. ಮೀಟಿಂಗಿಗೆ ಬರುವವರನ್ನು ಒಬ್ಬೊಬ್ಬರಾಗಿ ಭೇಟಿಯಾದೆ. ಕೇಳಿದ್ದು ಎರಡೇ ಪ್ರಶ್ನೆ. ಈ ವರದಿ ನೋಡಿ ನೀವು ಯಾವ ತೀರ್ಮಾನ ಮಾಡುತ್ತೀರಿ? ಈ ಸಂಖ್ಯೆ ನಾಳೆ ಎರಡು ಪಟ್ಟಾದರೆ ಏನು ಬದಲಿಸುತ್ತೀರಿ?

ಎರಡನೆಯ ಪ್ರಶ್ನೆಗೆ ಎಷ್ಟು ಶಕ್ತಿ ಇದೆ ಅಂತ ಕೇಳಿ ನೋಡಿದವರಿಗೇ ಗೊತ್ತು. ಬಹುತೇಕ ಚಾರ್ಟ್‌ಗಳಿಗೆ ಬಂದ ಉತ್ತರ, "ಏನೂ ಇಲ್ಲ ಸರ್, ಸುಮ್ನೆ ನೋಡೋದಕ್ಕೆ ಇಟ್ಟುಕೊಂಡಿದೀವಿ." ಅವೆಲ್ಲ ಪಟ್ಟಿಯಿಂದ ಹೊರಗೆ ಹೋದವು. ಕೊನೆಗೆ ಉಳಿದದ್ದು ಮೂರು ನಿರ್ಧಾರ: ಯಾವ ಸಾಮಾನನ್ನು ಎಷ್ಟು ತರಿಸಬೇಕು, ಯಾವುದನ್ನು ಒಂದು ಗೋದಾಮಿನಿಂದ ಇನ್ನೊಂದಕ್ಕೆ ಸಾಗಿಸಬೇಕು, ಯಾವ ಸಪ್ಲೈಯರ್ ಜೊತೆ ಕೂತು ಮಾತಾಡಬೇಕು.

ಒಂದೊಂದು ನಿರ್ಧಾರಕ್ಕೂ ಒಂದು ಹಾಳೆ ಮಾಡಿದೆ. ಯಾರು ತೀರ್ಮಾನ ಮಾಡುವವರು, ಯಾವಾಗ, ಯಾವ ಸಂಖ್ಯೆ ಯಾವ ಗೆರೆ ದಾಟಿದರೆ ಮನಸ್ಸು ಬದಲಿಸುತ್ತಾರೆ, ಮಾಹಿತಿ ಎಷ್ಟು ಹೊಸದಾಗಿರಬೇಕು. ಕೊನೆಯ ಪ್ರಶ್ನೆಯಿಂದ ತುಂಬಾ ಕೆಲಸ ಉಳಿಯಿತು. ಕ್ಷಣಕ್ಷಣದ ಮಾಹಿತಿ ಬೇಕು ಅಂತ ಮೊದಲು ಎಲ್ಲರೂ ಪಟ್ಟು ಹಿಡಿದಿದ್ದರು. ತೀರ್ಮಾನ ವಾರಕ್ಕೊಮ್ಮೆ ಆಗುವಾಗ ರಾತ್ರಿ ಒಂದು ಸಲ ತುಂಬಿದರೆ ಧಾರಾಳ ಸಾಕು.

1958ರಲ್ಲಿ ಐಬಿಎಂನ ಹಾನ್ಸ್ ಪೀಟರ್ ಲೂನ್ 'ಬಿಸಿನೆಸ್ ಇಂಟೆಲಿಜೆನ್ಸ್ ಸಿಸ್ಟಂ' ಬಗ್ಗೆ ಬರೆದಾಗ, ಮಾಹಿತಿ ಹೋಗಿ ಸೇರಬೇಕಾದ ಜಾಗಗಳನ್ನು 'ಆ್ಯಕ್ಷನ್ ಪಾಯಿಂಟ್' ಅಂತ ಕರೆದಿದ್ದರು. ಅಂದರೆ ಕೆಲಸ ನಡೆಯುವ ಜಾಗ. ಅವರ ಮನಸ್ಸಿನಲ್ಲಿ ಇದ್ದದ್ದು ಹೆಚ್ಚಾಗಿ ದಾಖಲೆ ಪತ್ರಗಳು, ನಮ್ಮ ಹಾಗೆ ಸಂಖ್ಯೆಗಳಲ್ಲ. ಆದರೂ ಆ ಹೆಸರು ನನಗೆ ತುಂಬಾ ಇಷ್ಟ. ಮಾಹಿತಿ ಎಲ್ಲಿಂದ ಬಂತು ಅನ್ನುವುದಕ್ಕಿಂತ ಎಲ್ಲಿ ಕೆಲಸಕ್ಕೆ ಬರುತ್ತದೆ ಅನ್ನುವ ಕಡೆ ಅದು ಕಣ್ಣು ತಿರುಗಿಸುತ್ತದೆ. ಈ ರಿಪೇರಿಯನ್ನು ನಾನು ಆ ತುದಿಯಿಂದಲೇ ಶುರು ಮಾಡಿದ್ದು.

ಒಂದೇ ಆರ್ಡರ್‌ನ ಬೆನ್ನು ಹತ್ತಿ

ಮೂರು ಲೆಕ್ಕ ಯಾಕೆ ಬೇರೆಬೇರೆ ಬರುತ್ತಿವೆ ಅಂತ ನೋಡಲು ದೊಡ್ಡ ಮೊತ್ತಗಳನ್ನು ಹೋಲಿಸಿ ಪ್ರಯೋಜನವಿಲ್ಲ. ಒಂದು ಆರ್ಡರ್ ಹಿಡಿದುಕೊಂಡು ಹುಟ್ಟಿನಿಂದ ಕೊನೆಯವರೆಗೆ ಅದರ ಹಿಂದೆ ಹೋಗಬೇಕು. ನಾನು ಹಿಡಿದದ್ದು ಒಂದು ಬೇರಿಂಗ್‌ನ ಆರ್ಡರ್.

ತಿಂಗಳ 30ನೇ ತಾರೀಕು ಗಿರಾಕಿ 100 ಬೇರಿಂಗ್ ಕೇಳಿದರು. 31ಕ್ಕೆ 60 ಹೊರಟವು. ಉಳಿದ 40 ಸ್ಟಾಕ್ ಬಂದ ಮೇಲೆ, ಮುಂದಿನ ತಿಂಗಳ 2ರಂದು ಹೋದವು. ಎರಡೂ ಕಂತು ಮುಟ್ಟಿದ ಮೇಲೆ 3ರಂದು 100ಕ್ಕೆ ಬಿಲ್ ಆಯಿತು. 5ರಂದು 10 ಬೇರಿಂಗ್ ವಾಪಸ್ ಬಂದವು, ಅದರ ಹಣವನ್ನು ಬಿಲ್‌ನಿಂದ ಕಳೆಯುವ ಕ್ರೆಡಿಟ್ ನೋಟ್ ಹೋಯಿತು.

ಈಗ ಮೊದಲ ತಿಂಗಳ ಮಾರಾಟ ಎಷ್ಟು? ಮಾರಾಟ ವಿಭಾಗ 100 ಅನ್ನುತ್ತದೆ. ಗೋದಾಮು 60 ಅನ್ನುತ್ತದೆ. ಅಕೌಂಟ್ಸ್ ಸೊನ್ನೆ ಅನ್ನುತ್ತದೆ, ಮುಂದಿನ ತಿಂಗಳಿಗೆ 90 ಅನ್ನುತ್ತದೆ. ಮೂವರೂ ಸರಿ! ಯಾರೂ ಕದ್ದಿಲ್ಲ, ಯಾರೂ ಮರೆತಿಲ್ಲ. ಮೂರು ಬೇರೆ ಘಟನೆಗಳನ್ನು ಮೂವರು ಎಣಿಸುತ್ತಿದ್ದರು, ಅಷ್ಟೇ.

ಇದಕ್ಕೆ ಪರಿಹಾರ ಒಂದು ಲೆಕ್ಕವನ್ನು ಗೆಲ್ಲಿಸುವುದಲ್ಲ. ಮೂರನ್ನೂ ಉಳಿಸಿಕೊಂಡು ಬೇರೆಬೇರೆ ಹೆಸರಿನಲ್ಲಿ ಇಟ್ಟೆವು: ಬುಕ್ ಆದದ್ದು, ರವಾನೆಯಾದದ್ದು, ಬಿಲ್ ಆದದ್ದು. ಪ್ರತಿಯೊಂದಕ್ಕೂ ಯಾವ ತಾರೀಕು ಲೆಕ್ಕಕ್ಕೆ, ವಾಪಸ್ ಬಂದದ್ದು ಕಳೆಯಬೇಕೋ ಬೇಡವೋ, ರದ್ದಾದ ಆರ್ಡರ್ ಸೇರಿಸಬೇಕೋ ಬೇಡವೋ ಅಂತ ಬರೆದು ಮೂರೂ ವಿಭಾಗದವರಿಂದ ಒಪ್ಪಿಗೆ ತೆಗೆದುಕೊಂಡೆ. ಬರೀ 'ಮಾರಾಟ' ಅನ್ನುವ ಕಾಲಂ ಯಾವ ವರದಿಯಲ್ಲೂ ಇರಬಾರದು ಅಂತ ನಿಯಮ ಮಾಡಿದೆವು.

ಆಮೇಲಿನ ಪ್ರಶ್ನೆಗೆ ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾಯಿತು. ಸಾಮಾನು ತರಿಸುವ ನಿರ್ಧಾರಕ್ಕೆ ಈ ಮೂರರಲ್ಲಿ ಯಾವುದು ಬೇಕು? ಹಳೆಯ ವ್ಯವಸ್ಥೆ ರವಾನೆಯನ್ನು ನೋಡುತ್ತಿತ್ತು. ಮೇಲ್ನೋಟಕ್ಕೆ ಸರಿಯೇ ಅನಿಸುತ್ತದೆ, ನಿಜವಾಗಿ ಹೊರಗೆ ಹೋದದ್ದು ಅದೇ ಅಲ್ವಾ? ಆದರೆ ಸ್ಟಾಕ್ ಇಲ್ಲದಿದ್ದಾಗ ರವಾನೆ ಸೊನ್ನೆ. ರವಾನೆ ಸೊನ್ನೆಯಾದರೆ ಬೇಡಿಕೆ ಇಲ್ಲ ಅಂತ ವ್ಯವಸ್ಥೆ ತಿಳಿಯುತ್ತದೆ. ಬೇಡಿಕೆ ಇಲ್ಲ ಅಂದರೆ ಕಡಿಮೆ ತರಿಸಿ ಅನ್ನುತ್ತದೆ. ಕಡಿಮೆ ತರಿಸಿದರೆ ಮತ್ತೆ ಬೇಗ ಖಾಲಿ. ಚೆನ್ನಾಗಿ ಓಡುವ ಸಾಮಾನೇ ಈ ಸುಳಿಯಲ್ಲಿ ಸಿಕ್ಕಿ ವರದಿಯಲ್ಲಿ ಬಡವಾಗುತ್ತಾ ಹೋಗುತ್ತದೆ. ಹಾಗಾಗಿ ತರಿಸುವ ನಿರ್ಧಾರಕ್ಕೆ ಬುಕ್ ಆದ ಪ್ರಮಾಣವನ್ನೇ ತೆಗೆದುಕೊಂಡೆವು. ಕೊಡಲಾಗದೆ ಹೋದದ್ದೂ ಅದರಲ್ಲಿ ಸೇರಿರಬೇಕು.

ಇಲ್ಲೊಂದು ತೊಡಕು ಇತ್ತು. ಸ್ಟಾಕ್ ಇಲ್ಲ ಅಂತ ಗೊತ್ತಾದರೆ ಫೋನ್ ತೆಗೆದವರು ಆರ್ಡರ್ ಬರೆದುಕೊಳ್ಳುತ್ತಲೇ ಇರಲಿಲ್ಲ. "ಇಲ್ಲ ಅಂದ್ಮೇಲೆ ಬರೆದು ಏನು ಮಾಡೋದು ಸರ್?" ಅಂದರು ಅಲ್ಲಿನ ಹುಡುಗರು. ಅವರ ಮಾತಿನಲ್ಲಿ ತಪ್ಪಿಲ್ಲ, ಅವರಿಗೆ ಅದನ್ನು ಬರೆಯಲು ಜಾಗವೇ ಇರಲಿಲ್ಲ. ಆರ್ಡರ್ ಪರದೆಯಲ್ಲಿ 'ಕೇಳಿದ್ದರು, ಕೊಡಲಾಗಲಿಲ್ಲ' ಅನ್ನುವ ಒಂದು ಗುಂಡಿ ಸೇರಿಸಿದೆವು. ಸಾಮಾನಿನ ಕೋಡ್, ಎಷ್ಟು, ಅಷ್ಟೇ. ಇಡೀ ಯೋಜನೆಯಲ್ಲಿ ಅತಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಟ್ಟ ಕೆಲಸ ಇದು. ಬಿಐ ರಿಪೇರಿ ಅಂದರೆ ಚಾರ್ಟ್ ರಿಪೇರಿ ಅಂತ ತಿಳಿದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನೂರು ಇನ್ನೂರಾದದ್ದು

ಹೆಸರುಗಳು ಬೇರೆಯಾದ ಮೇಲೂ ಲೆಕ್ಕ ಕೂಡಲಿಲ್ಲ. ಹಳೆಯ ವರದಿಯ ಬುಕ್ ಪ್ರಮಾಣ ಮೂಲ ಆರ್ಡರ್‌ಗಳಿಗಿಂತ ಜಾಸ್ತಿ ಬರುತ್ತಿತ್ತು. ಮತ್ತೆ ಅದೇ ಬೇರಿಂಗ್ ಆರ್ಡರ್ ತೆಗೆದು ನೋಡಿದೆ.

ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಕೇಳುವ ಪ್ರಶ್ನೆಯಲ್ಲಿ, ಆರ್ಡರ್ ಕೋಷ್ಟಕವನ್ನು ರವಾನೆ ಕೋಷ್ಟಕಕ್ಕೆ ನೇರವಾಗಿ ಜಾಯಿನ್ ಮಾಡಿದ್ದರು, ಅಂದರೆ ಎರಡರಲ್ಲೂ ಹೊಂದುವ ಸಾಲುಗಳನ್ನು ಜೋಡಿಸಿದ್ದರು. ಆರ್ಡರ್ ಒಂದೇ ಸಾಲು, 100. ಆದರೆ ಅದಕ್ಕೆ ಎರಡು ರವಾನೆ ಇವೆ. ಜಾಯಿನ್ ಆದ ಮೇಲೆ ಆರ್ಡರ್ ಸಾಲು ಎರಡು ಸಲ ಬರುತ್ತದೆ, ಕೂಡಿದರೆ 200. ಇದರ ಮೇಲೆ ವಾಪಸಾತಿ ಕೋಷ್ಟಕವನ್ನೂ ಜಾಯಿನ್ ಮಾಡಿ, ವಾಪಸ್ ಎರಡು ಕಂತಿನಲ್ಲಿ ಬಂದಿದ್ದರೆ, ಎರಡೆರಡಲ ನಾಲ್ಕು ಸಾಲು, 400.

ಯಾರೋ ಹಿಂದೆ ಇದನ್ನು ಗಮನಿಸಿದ್ದರು. ಆದರೆ ಬೇರು ಹುಡುಕುವ ಬದಲು ಕೂಡುವ ಜಾಗದಲ್ಲಿ 'ಡಿಸ್ಟಿಂಕ್ಟ್' ಸೇರಿಸಿದ್ದರು. ಅಂದರೆ ಒಂದೇ ಸಂಖ್ಯೆ ಮತ್ತೆ ಬಂದರೆ ಒಮ್ಮೆ ಮಾತ್ರ ಕೂಡು ಅಂತ. ಒಂದು ಆರ್ಡರ್ ಮೇಲೆ ಪರೀಕ್ಷೆ ಮಾಡಿದರೆ 100 ಸರಿಯಾಗಿ ಬರುತ್ತದೆ. ಎರಡು ಬೇರೆ ಗಿರಾಕಿಗಳು ತಲಾ 100 ಕೇಳಿದಾಗ? ಆಗಲೂ 100! ಹೀಗೆ ಕೆಲವು ವರದಿಗಳಲ್ಲಿ ಲೆಕ್ಕ ಉಬ್ಬಿತ್ತು, ಕೆಲವುಗಳಲ್ಲಿ ಬತ್ತಿತ್ತು. ಉಬ್ಬಿದ್ದು ಯಾರ ಕಣ್ಣಿಗಾದರೂ ಬೀಳುತ್ತದೆ. ಬತ್ತಿದ್ದು ಬೀಳುವುದಿಲ್ಲ. ಈ 'ಡಿಸ್ಟಿಂಕ್ಟ್' ತೇಪೆ ಕಂಡಲ್ಲೆಲ್ಲ ನಿಂತು ನೋಡಬೇಕು ಅನ್ನುವುದು ನನ್ನ ಅಭಿಪ್ರಾಯ. ಹೆಚ್ಚಿನ ಕಡೆ ಅದರ ಕೆಳಗೆ ಒಂದು ಮುರಿದ ಜಾಯಿನ್ ಇರುತ್ತದೆ.

ಸರಿಮಾಡುವ ದಾರಿ ಹೊಸದೇನಲ್ಲ. ವರದಿಗಾಗಿ ಮಾಹಿತಿ ಜೋಡಿಸುವ ವಿಧಾನಗಳ ತಜ್ಞ ರಾಲ್ಫ್ ಕಿಂಬಾಲ್ 1990ರ ದಶಕದಿಂದ ಹೇಳಿಕೊಂಡು ಬಂದದ್ದೇ: ಕೋಷ್ಟಕ ಕಟ್ಟುವ ಮುಂಚೆ ಅದರ ಒಂದು ಸಾಲು ಅಂದರೆ ಏನು ಅಂತ ಘೋಷಿಸಿ. ಇದನ್ನು ಗ್ರೇನ್ ಅನ್ನುತ್ತಾರೆ. ನಾವು ನಾಲ್ಕು ಫ್ಯಾಕ್ಟ್ ಕೋಷ್ಟಕ, ಅಂದರೆ ಅಳತೆಗಳನ್ನು ದಾಖಲಿಸುವ ಕೋಷ್ಟಕ ಮಾಡಿದೆವು. ಆರ್ಡರ್‌ನ ಒಂದು ಸಾಲು, ರವಾನೆಯ ಒಂದು ಸಾಲು, ಬಿಲ್‌ನ ಒಂದು ಸಾಲು, ಒಂದು ಗೋದಾಮಿನಲ್ಲಿ ಒಂದು ಸಾಮಾನಿನ ಒಂದು ದಿನದ ಸ್ಟಾಕ್. ಸುತ್ತ ತಾರೀಕು, ಸಾಮಾನು, ಗೋದಾಮು, ಗಿರಾಕಿ, ಸಪ್ಲೈಯರ್ ಅನ್ನುವ ಡೈಮೆನ್ಷನ್‌ಗಳು, ಅಂದರೆ ಯಾವಾಗ, ಯಾವುದು, ಎಲ್ಲಿ, ಯಾರು ಅಂತ ಹೇಳುವ ಪಟ್ಟಿಗಳು. ಎರಡು ಫ್ಯಾಕ್ಟ್‌ಗಳನ್ನು ಹೋಲಿಸಬೇಕಾದರೆ ಮೊದಲು ಎರಡನ್ನೂ ಒಂದೇ ಮಟ್ಟಕ್ಕೆ, ಉದಾಹರಣೆಗೆ ಸಾಮಾನು ಮತ್ತು ವಾರದ ಮಟ್ಟಕ್ಕೆ ಕೂಡಿ, ಆಮೇಲೆ ಜಾಯಿನ್ ಮಾಡಬೇಕು. ಈ ಒಂದು ಶಿಸ್ತಿನಿಂದ ಹಳೆಯ ವ್ಯತ್ಯಾಸಗಳ ಬಹುಪಾಲು ಕರಗಿಹೋಯಿತು.

ಇಡೀ ಸಂಸ್ಥೆಯ ಮಾಹಿತಿಯನ್ನು ಮೊದಲು ಒಂದು ದೊಡ್ಡ ಕಣಜಕ್ಕೆ ತಂದು, ಆಮೇಲೆ ವಿಭಾಗಗಳಿಗೆ ಹಂಚುವುದು ಇದೇ ಕ್ಷೇತ್ರದ ಇನ್ನೊಬ್ಬ ತಜ್ಞ ಬಿಲ್ ಇನ್‌ಮನ್ ಹೇಳಿದ ದಾರಿ. ಅದೂ ಒಳ್ಳೆಯ ದಾರಿಯೇ. ಆದರೆ ನಮಗೆ ಬೇಕಿದ್ದದ್ದು ಮೂರು ನಿರ್ಧಾರ. ಅಷ್ಟಕ್ಕೆ ಕಿಂಬಾಲ್ ದಾರಿ ಹತ್ತಿರ.

ಸಲಕರಣೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾಹಿತಿ ಇಡಲು ಪೋಸ್ಟ್‌ಗ್ರೆಸ್, ಪರಿವರ್ತನೆಗೆ ಡಿಬಿಟಿ, ನೋಡಲು ಮೆಟಾಬೇಸ್. ಬೇರೆ ಯಾವುದರಲ್ಲೂ ಇದೇ ಕೆಲಸ ಆಗುತ್ತದೆ. ಡಿಬಿಟಿಯ ಪರೀಕ್ಷೆಗಳು ಮಾತ್ರ ನಿಜಕ್ಕೂ ಕೈ ಹಿಡಿದವು. ಪ್ರತಿ ಫ್ಯಾಕ್ಟ್‌ನ ಕೀಲಿ, ಅಂದರೆ ಸಾಲನ್ನು ಗುರುತಿಸುವ ಕೋಡ್, ಒಂದೇ ಸಲ ಬರಬೇಕು, ಖಾಲಿ ಇರಬಾರದು, ಅದರಲ್ಲಿನ ಸಾಮಾನಿನ ಕೋಡ್ ಸಾಮಾನು ಪಟ್ಟಿಯಲ್ಲಿ ಇರಲೇಬೇಕು. ಇದರ ಜೊತೆಗೆ ದಿನವೂ ಮೂಲ ವ್ಯವಸ್ಥೆಯ ಒಟ್ಟು ಪ್ರಮಾಣವನ್ನು ನಮ್ಮ ಒಟ್ಟು ಪ್ರಮಾಣದ ಜೊತೆ ಹೋಲಿಸುವ ಒಂದು ಪರೀಕ್ಷೆ. ಕೂಡಿಬರದಿದ್ದರೆ ಡ್ಯಾಶ್‌ಬೋರ್ಡ್ ತಲೆಯ ಮೇಲೆ ಕೆಂಪು ಪಟ್ಟಿ: 'ಈ ಲೆಕ್ಕ ಮೂಲದ ಜೊತೆ ತಾಳೆಯಾಗಿಲ್ಲ.' ಇದನ್ನು ಹಾಕಲು ಕೆಲವರಿಗೆ ಇಷ್ಟ ಇರಲಿಲ್ಲ, ನಂಬಿಕೆ ಕಡಿಮೆಯಾಗುತ್ತದೆ ಅಂದರು. ಆಗಿದ್ದು ಉಲ್ಟಾ. ಪಟ್ಟಿ ಇಲ್ಲದ ದಿನ ಜನ ಲೆಕ್ಕವನ್ನು ಪ್ರಶ್ನಿಸುವುದನ್ನೇ ಬಿಟ್ಟರು.

ಸೊನ್ನೆ ಕಳೆದುಕೊಂಡ ಕೋಡ್, ಕತ್ತರಿಸಿಹೋದ ಫೈಲ್

ಗೋದಾಮಿನಿಂದ ಎಕ್ಸೆಲ್ ಫೈಲ್ ಬರುತ್ತಿತ್ತು. ಅದರಲ್ಲಿ ಎರಡು ರೋಗ.

ಮೊದಲನೆಯದು, ಆರ್ಡರ್ ವ್ಯವಸ್ಥೆಯಲ್ಲಿ 00417 ಅಂತ ಇದ್ದ ಕೋಡ್ ಎಕ್ಸೆಲ್‌ನಲ್ಲಿ ಬರೀ 417 ಆಗಿತ್ತು. ಎಕ್ಸೆಲ್‌ಗೆ ಅದು ಸಂಖ್ಯೆಯಾಗಿ ಕಾಣುತ್ತದೆ, ಮುಂದಿನ ಸೊನ್ನೆಗಳನ್ನು ಬಿಟ್ಟುಬಿಡುತ್ತದೆ. ಜಾಯಿನ್‌ನಲ್ಲಿ ಇವೆರಡು ಸೇರುವುದಿಲ್ಲ, ಆ ಸಾಮಾನಿಗೆ ಸ್ಟಾಕೇ ಇಲ್ಲ ಅಂತ ತೋರುತ್ತದೆ. ಸೊನ್ನೆ ತುಂಬಿ ಸರಿಮಾಡೋಣ ಅಂದರೆ 417 ಅನ್ನುವ ಬೇರೆಯದೇ ಸಾಮಾನೂ ಪಟ್ಟಿಯಲ್ಲಿತ್ತು. ಆದ್ದರಿಂದ ಎಕ್ಸೆಲ್ ದಾರಿಯನ್ನೇ ಬಿಟ್ಟು ಗೋದಾಮಿನ ಸಾಫ್ಟ್‌ವೇರ್‌ನ ಡೇಟಾಬೇಸಿನಿಂದ ನೇರವಾಗಿ ಓದುವ ವ್ಯವಸ್ಥೆ ಮಾಡಿದೆ. ಕೋಡ್ ಯಾವಾಗಲೂ ಅಕ್ಷರವಾಗಿಯೇ ಬರಬೇಕು, ಸಂಖ್ಯೆಯಾಗಿ ಅಲ್ಲ.

ಎರಡನೆಯದು ಇನ್ನೂ ಅಪಾಯಕಾರಿ. ಕೆಲವು ಹಳೆಯ ತಿಂಗಳ ಫೈಲ್‌ಗಳು ಸರಿಯಾಗಿ 65,536ನೇ ಸಾಲಿಗೆ ಮುಗಿಯುತ್ತಿದ್ದವು. ಈ ಸಂಖ್ಯೆ ಕಂಡರೆ ಎದೆ ಝಲ್ ಅನ್ನಬೇಕು. ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಫೈಲಿನಲ್ಲಿ ಹಿಡಿಸುವುದೇ ಅಷ್ಟು ಸಾಲು. ಈಗಿನ ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ 10,48,576. ಮಿತಿ ಮುಗಿದ ಮೇಲಿನ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗಿದ್ದವು. ಬ್ರಿಟನ್‌ನಲ್ಲಿ 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕಕ್ಕೆ ಸೇರದೆ ಹೋದದ್ದೂ ಇದೇ ಹಳೆಯ ಮಾದರಿಯ ಫೈಲಿನಿಂದ. ಅಲ್ಲಿ ಅದರ ಪರಿಣಾಮ ಎಷ್ಟು ದೊಡ್ಡದು ನೋಡಿ: ಆ ಜನರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ತಡವಾಯಿತು. ನಮ್ಮಲ್ಲಿ ಆದದ್ದು, ಪಟ್ಟಿಯ ಕೊನೆಯಲ್ಲಿ ಬರುತ್ತಿದ್ದ ಗೋದಾಮು ಯಾವಾಗಲೂ ಖಾಲಿ ಅಂತ ಕಾಣುತ್ತಿತ್ತು, ಅಲ್ಲಿಗೆ ಬೇಡದ ಸಾಮಾನು ಹೋಗಿ ಬೀಳುತ್ತಿತ್ತು. ಅಲ್ಲಿನ ಇನ್‌ಚಾರ್ಜ್ ಮೇಡಂ ಮೊದಲಿಂದ ಹೇಳುತ್ತಲೇ ಇದ್ದರಂತೆ, "ನಮ್ಮಲ್ಲಿ ಇದೆ, ಕಳಿಸಬೇಡಿ" ಅಂತ. ಅವರ ಮಾತಿಗಿಂತ ಪರದೆ ಮೇಲಿನ ಸೊನ್ನೆಗೆ ಬೆಲೆ ಜಾಸ್ತಿ ಸಿಕ್ಕಿತ್ತು.

ಸಣ್ಣಪುಟ್ಟ ರಿಪೇರಿ

ಸ್ಟಾಕ್ ಚಾರ್ಟ್ ದಿನದ ಸ್ಟಾಕನ್ನು ತಿಂಗಳಿಡೀ ಕೂಡುತ್ತಿತ್ತು. ಕದಲದೆ ಕೂತ 50 ಬೆಲ್ಟ್ 30 ದಿನಕ್ಕೆ 1,500 ಆಗಿ ಕಾಣುತ್ತಿತ್ತು. ಸ್ಟಾಕನ್ನು ಗೋದಾಮುಗಳ ಮೇಲೆ ಕೂಡಬಹುದು, ದಿನಗಳ ಮೇಲೆ ಕೂಡಬಾರದು. ತಿಂಗಳಿಗೆ ಕೊನೆಯ ದಿನದ್ದು ಅಥವಾ ಸರಾಸರಿ ತೋರಿಸಬೇಕು.

ಸರ್ವರ್ ಸಮಯ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿತ್ತು, ಹಾಗಾಗಿ ದಿನದ ಒಂದು ಹೊತ್ತಿನ ಆರ್ಡರ್‌ಗಳೆಲ್ಲ ಬೇರೆ ದಿನಕ್ಕೆ ಬೀಳುತ್ತಿದ್ದವು. ತಾರೀಕು ತೆಗೆಯುವ ಮುಂಚೆಯೇ ಸ್ಥಳೀಯ ಸಮಯಕ್ಕೆ ಬದಲಿಸಿದೆ. ವಾರಕ್ಕೆ ಐಎಸ್‌ಒ 8601 ಅನ್ನುವ ಅಂತರರಾಷ್ಟ್ರೀಯ ಪದ್ಧತಿ ಹಿಡಿದೆವು, ಸೋಮವಾರದಿಂದ ಶುರು. ಈ ಪದ್ಧತಿಯಲ್ಲಿ 2020 ಮತ್ತು 2026ರಲ್ಲಿ 53 ವಾರ ಬರುತ್ತವೆ, ಹಿಂದಿನ ವರ್ಷದ ಜೊತೆ ಹೋಲಿಸುವ ಕಡೆ ಅದನ್ನು ನೋಡಿಕೊಳ್ಳಬೇಕು.

ಒಂದು ಸಾಮಾನನ್ನು ಒಂದು ವರ್ಗದಿಂದ ಇನ್ನೊಂದಕ್ಕೆ ಬದಲಿಸಿದರೆ ಹೋದ ವರ್ಷದ ವರದಿಯೂ ಬದಲಾಗುತ್ತಿತ್ತು. ಹಳೆಯ ವರ್ಗ, ಹೊಸ ವರ್ಗ ಎರಡಕ್ಕೂ 'ಯಾವಾಗಿನಿಂದ, ಯಾವಾಗಿನವರೆಗೆ' ಅನ್ನುವ ತಾರೀಕು ಇಟ್ಟು ಎರಡು ಸಾಲು ಮಾಡಿದೆ. ಟೈಪ್ 2 ಅನ್ನುವ ಹಳೆಯ ಉಪಾಯ, ಈಗಲೂ ಅಷ್ಟೇ ಗಟ್ಟಿ.

ಏರಿದ್ದಕ್ಕೂ ಇಳಿದದ್ದಕ್ಕೂ ಕಾರಣ ಕೇಳುವುದು

ಲೆಕ್ಕ ಸರಿಹೋದ ಮೇಲೆ ಹೊಸ ತಲೆನೋವು ಶುರುವಾಯಿತು. ಈಗ ಎಲ್ಲರಿಗೂ ಸಂಖ್ಯೆಯ ಮೇಲೆ ನಂಬಿಕೆ ಬಂದಿತ್ತು, ಅದು ಅಲ್ಲಾಡಿದಾಗಲೆಲ್ಲ ಕಾರಣ ಕೇಳತೊಡಗಿದರು. ಒಂದು ಫಿಲ್ಟರ್‌ನ ವಾರದ ಬೇಡಿಕೆ 219ರಿಂದ 190ಕ್ಕೆ ಇಳಿಯಿತು, 13% ಕಡಿಮೆ. ಕೆಂಪು ಬಾಣ ಕಂಡಿತು. ಮಾರಾಟದವರು ಕಾರಣ ಹುಡುಕುವುದರಲ್ಲಿ ವಾರ ಕಳೆದರು.

ಇದಕ್ಕೆ ಮದ್ದು 1924ರಷ್ಟು ಹಳೆಯದು. ವೆಸ್ಟರ್ನ್ ಎಲೆಕ್ಟ್ರಿಕ್‌ನಲ್ಲಿದ್ದ ವಾಲ್ಟರ್ ಶೂಹಾರ್ಟ್ ಆ ವರ್ಷ ಕಂಟ್ರೋಲ್ ಚಾರ್ಟ್ ರೂಪಿಸಿದರು. ಪ್ರತಿ ಅಳತೆಯಲ್ಲೂ ಸಹಜ ಏರಿಳಿತ ಇರುತ್ತದೆ, ಅದರ ಆಚೆ ಹೋದದ್ದನ್ನು ಮಾತ್ರ ಸುದ್ದಿ ಅಂತ ತಿಳಿಯಬೇಕು. ಫಿಲ್ಟರ್‌ನ ಹತ್ತು ವಾರದ ಲೆಕ್ಕ ಇಲ್ಲಿದೆ, ಕಾಗದದ ಮೇಲೆ ಮಾಡಿ ನೋಡಬಹುದು:

212, 198, 225, 205, 219, 190, 208, 231, 203, 209

ಸರಾಸರಿ 210. ಒಂದು ವಾರಕ್ಕೂ ಮುಂದಿನ ವಾರಕ್ಕೂ ಇರುವ ವ್ಯತ್ಯಾಸ 14, 27, 20, 14, 29, 18, 23, 28, 6. ಇವುಗಳ ಸರಾಸರಿ 19.9. ಅದನ್ನು ಈ ಚಾರ್ಟಿಗೆ ನಿಗದಿಯಾದ ಸಂಖ್ಯೆ 2.66ರಿಂದ ಗುಣಿಸಿದರೆ ಸುಮಾರು 53. ಅಂದರೆ 157ರಿಂದ 263ರವರೆಗೆ ಈ ಫಿಲ್ಟರ್ ತನ್ನಷ್ಟಕ್ಕೆ ಆಡುವ ಜಾಗ. 190 ಅದರ ನಟ್ಟನಡುವಿನಿಂದ ಬಹಳ ದೂರವೇನೂ ಇಲ್ಲ. ಅದಕ್ಕೆ ಕಾರಣ ಹುಡುಕಿದರೆ ಕಾರಣ ಸಿಕ್ಕೇ ಸಿಗುತ್ತದೆ, ಆದರೆ ಅದು ನಿಜವಾದ ಕಾರಣ ಆಗಿರುವುದಿಲ್ಲ.

ಬಾಣಗಳನ್ನೆಲ್ಲ ತೆಗೆದು ಈ ಎರಡು ಗೆರೆ ಹಾಕಿದೆವು. ಗೆರೆ ದಾಟಿದರೆ, ಇಲ್ಲವೇ ಸತತ ಎಂಟು ವಾರ ಸರಾಸರಿಯ ಒಂದೇ ಬದಿಗೆ ಕೂತರೆ ಮಾತ್ರ ಚರ್ಚೆ. ಋತುವಿಗೆ ತಕ್ಕಂತೆ ಏರಿಳಿಯುವ ಸಾಮಾನಿಗೆ ಇದನ್ನು ನೇರವಾಗಿ ಹಾಕಬಾರದು, ಋತುವಿನ ಭಾಗ ತೆಗೆದು ಆಮೇಲೆ ನೋಡಬೇಕು. ಪೈ ಚಾರ್ಟ್‌ಗಳನ್ನೂ ತೆಗೆದು ಅಡ್ಡ ಪಟ್ಟಿ ಮಾಡಿದೆ. ಒಂದೇ ಅಳತೆಗೋಲಿನ ಮೇಲಿನ ಸ್ಥಾನವನ್ನು ಕಣ್ಣು ಕೋನಕ್ಕಿಂತ ಚೆನ್ನಾಗಿ ಹೋಲಿಸುತ್ತದೆ ಅಂತ ಕ್ಲೀವ್‌ಲ್ಯಾಂಡ್ ಮತ್ತು ಮೆಗಿಲ್ 1984ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ.

ಎಷ್ಟು ಉಳಿದಾಗ ತರಿಸಬೇಕು

ಈಗ ಮುಖ್ಯ ಪರದೆಗೆ ಬಂದೆ. ಇದು ಚಾರ್ಟ್ ಅಲ್ಲ, ಒಂದು ಪಟ್ಟಿ. ಕೈಲಿರುವ ಸ್ಟಾಕ್ ಮತ್ತು ದಾರಿಯಲ್ಲಿರುವುದು ಸೇರಿ ಒಂದು ಮಟ್ಟಕ್ಕಿಂತ ಕೆಳಗೆ ಹೋದ ಸಾಮಾನು ಮಾತ್ರ ಅದರಲ್ಲಿ ಬರುತ್ತದೆ. ಉಳಿದ ಸಾವಿರಾರು ಸಾಮಾನು ಕಾಣುವುದೇ ಇಲ್ಲ.

ಮಟ್ಟ ಲೆಕ್ಕ ಹಾಕುವುದು ಹೀಗೆ. ಒಂದು ಸೀಲ್ ದಿನಕ್ಕೆ ಸರಾಸರಿ 20 ಹೋಗುತ್ತದೆ, ಅದರ ಏರಿಳಿತ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, 6. ಆರ್ಡರ್ ಹಾಕಿ ಬರಲು ಸರಾಸರಿ 9 ದಿನ, ಅದರ ಏರಿಳಿತ 2 ದಿನ. ಬರುವ ತನಕ ಬೇಕಾಗುವುದು 20 × 9 = 180. ಇದರ ಮೇಲೆ ಭದ್ರತೆಗೆ ಇನ್ನಷ್ಟು. ಅದಕ್ಕೆ ಎರಡು ಪಾಲು. ಗಿರಾಕಿಗಳ ಏರಿಳಿತದ ಪಾಲು 9 × 6 × 6 = 324. ಸಪ್ಲೈಯರ್ ಏರಿಳಿತದ ಪಾಲು 20 × 20 × 2 × 2 = 1,600. ಎರಡೂ ಸೇರಿ 1,924, ಅದರ ವರ್ಗಮೂಲ ಸುಮಾರು 44. ಸಾಮಾನು ಬರುವ ಮುಂಚೆ ಸ್ಟಾಕ್ ಖಾಲಿಯಾಗದಿರುವ ಸಾಧ್ಯತೆ 95% ಇರಲಿ ಅಂದರೆ 1.65ರಿಂದ ಗುಣಿಸಬೇಕು, 72 ಬರುತ್ತದೆ. 180 ಮತ್ತು 72, ಒಟ್ಟು 252. ಸ್ಟಾಕ್ 252ಕ್ಕೆ ಇಳಿದಾಗ ತರಿಸಬೇಕು.

ಇಲ್ಲಿ ಒಂದು ನಿಮಿಷ ನಿಲ್ಲಿ. 1,924ರಲ್ಲಿ 1,600 ಸಪ್ಲೈಯರ್ ಕಡೆಯಿಂದ ಬಂದದ್ದು! ಸಪ್ಲೈಯರ್ ಪ್ರತಿ ಸಲವೂ ಸರಿಯಾಗಿ 9ನೇ ದಿನಕ್ಕೇ ತಂದುಕೊಟ್ಟರೆ 324ರ ವರ್ಗಮೂಲ 18, ಗುಣಿಸಿದರೆ 30. ಭದ್ರತೆಗೆ 72 ಇಡುವ ಬದಲು 30 ಸಾಕು. ಅವರು ಬೇಗ ಕೊಡಬೇಕು ಅಂತಲೂ ಇಲ್ಲ, ಹೇಳಿದ ದಿನಕ್ಕೆ ಕೊಟ್ಟರೆ ಸಾಕು. ಗಿರಾಕಿಗಳ ಬೇಡಿಕೆಯನ್ನು ಇನ್ನೂ ಚೆನ್ನಾಗಿ ಊಹಿಸುವುದು ಹೇಗೆ ಅಂತ ಕಂಪನಿಯಲ್ಲಿ ಎಲ್ಲರೂ ಯೋಚಿಸುತ್ತಿದ್ದರು. ಈ ಸೀಲ್‌ನ ಮಟ್ಟಿಗೆ ತೊಂದರೆ ಆ ಕಡೆ ಇರಲೇ ಇಲ್ಲ. ಮೂರನೆಯ ನಿರ್ಧಾರ, ಯಾವ ಸಪ್ಲೈಯರ್ ಜೊತೆ ಮಾತಾಡಬೇಕು ಅನ್ನುವುದು, ಪಟ್ಟಿಯ ಕೊನೆಯಲ್ಲಿತ್ತು. ಈ ಲೆಕ್ಕ ನೋಡಿದ ಮೇಲೆ ಪರ್ಚೇಸ್ ಮುಖ್ಯಸ್ಥರು ಅದನ್ನು ಮೊದಲಿಗೆ ತಂದರು. ಹೀಗೊಂದು ನಿರ್ಧಾರದ ಸರದಿಯನ್ನೇ ಬದಲಿಸಿದರೆ ಮಾತ್ರ ಬಿಐ ಕೆಲಸ ಮಾಡಿದೆ ಅಂತ ನಾನು ಒಪ್ಪುತ್ತೇನೆ.

ಆದರೆ ಈ ಲೆಕ್ಕ ಹಾಕಲು ಎಲ್ಲ ಸಾಮಾನಿಗೂ ಮಾಹಿತಿ ಇರಲಿಲ್ಲ. ಪರ್ಚೇಸ್ ವ್ಯವಸ್ಥೆಯಲ್ಲಿ 'ಸಾಮಾನು ಬಂದ ತಾರೀಕು' ಅನ್ನುವ ಒಂದೇ ಜಾಗ. ಕಂತಿನಲ್ಲಿ ಬಂದರೆ ಹೊಸ ತಾರೀಕು ಹಳೆಯದನ್ನು ಅಳಿಸುತ್ತಿತ್ತು. ಎಷ್ಟು ದಿನಕ್ಕೆ ಎಷ್ಟು ಬಂತು ಅನ್ನುವ ಇತಿಹಾಸವೇ ಇಲ್ಲ. ಕಳೆದುಹೋದದ್ದನ್ನು ತರಲಾಗುವುದಿಲ್ಲ. ಅಂದಿನಿಂದ ಪ್ರತಿ ರಾತ್ರಿ ಆ ಕೋಷ್ಟಕದ ಒಂದು ಪ್ರತಿ ತೆಗೆದಿಟ್ಟು, ಹಿಂದಿನ ರಾತ್ರಿಗೆ ಹೋಲಿಸಿ ಬದಲಾವಣೆಗಳನ್ನು ಬೇರೆ ಕೋಷ್ಟಕಕ್ಕೆ ಬರೆಯುವ ಹಾಗೆ ಮಾಡಿದೆ. ಇತಿಹಾಸ ಕೂಡುವವರೆಗೆ ಆ ಸಾಮಾನುಗಳಿಗೆ ಸಪ್ಲೈಯರ್ ಮಟ್ಟದ ಸರಾಸರಿ ಬಳಸುತ್ತಿದ್ದೇವೆ, ಪಟ್ಟಿಯಲ್ಲಿ ಅವಕ್ಕೆ ಬೂದು ಬಣ್ಣ ಹಾಕಿದ್ದೇವೆ.

ಒಪ್ಪಿದ್ದು, ಒಪ್ಪದ್ದು

ಪಟ್ಟಿ ಹೇಳಿದ್ದನ್ನು ಹಾಗೇ ಆರ್ಡರ್ ಮಾಡಬೇಕು ಅಂತ ನಾವು ಹೇಳಲಿಲ್ಲ. ಪ್ರತಿ ಸಾಲಿಗೂ ವ್ಯವಸ್ಥೆ ಹೇಳಿದ್ದು ಎಷ್ಟು, ಮನುಷ್ಯ ಹಾಕಿದ್ದು ಎಷ್ಟು, ವ್ಯತ್ಯಾಸಕ್ಕೆ ಕಾರಣ ಏನು ಅಂತ ಬರೆದಿಡುವ ಜಾಗ ಕೊಟ್ಟೆವು. ಅಂದಾಜಿನ ಮೇಲೆ ಸಂಖ್ಯೆ ಹೇಳುತ್ತಿದ್ದ ಹಳಬರು ಇದರಿಂದ ಬೇಸರ ಮಾಡಿಕೊಳ್ಳುತ್ತಾರೇನೋ ಅಂತ ಕೆಲವರಿಗೆ ಅಳುಕಿತ್ತು. ಅವರೇ ಎಲ್ಲರಿಗಿಂತ ಹೆಚ್ಚು ಬರೆದರು. "ಈ ಮಾಡೆಲ್ ನಿಂತುಹೋಗ್ತಾ ಇದೆ, ತರಿಸಬೇಡಿ." "ಇದು ಒಬ್ಬರೇ ಗಿರಾಕಿ ಒಂದೇ ಸಲ ಕೇಳಿದ್ದು, ಮತ್ತೆ ಕೇಳಲ್ಲ." ಇಂಥ ವಿಷಯ ಯಾವ ಡೇಟಾಬೇಸಿನಲ್ಲೂ ಇರಲಿಲ್ಲ, ಅವರ ತಲೆಯಲ್ಲಿತ್ತು. ಮತ್ತೆ ಮತ್ತೆ ಬಂದ ಕಾರಣಗಳನ್ನು ಆಯ್ಕೆ ಪಟ್ಟಿ ಮಾಡಿದೆವು. ನಿಂತುಹೋಗುವ ಮಾಡೆಲ್‌ಗೆ ಸಾಮಾನು ಪಟ್ಟಿಯಲ್ಲೇ ಗುರುತು ಹಾಕುವ ಹಾಗೆ ಮಾಡಿದೆವು. ಒಂದೇ ಸಲದ ದೊಡ್ಡ ಆರ್ಡರ್ ಸರಾಸರಿಯಿಂದ ಹೊರಗೆ ಇರುತ್ತದೆ.

ಒಂದು ಬೇಡಿಕೆಯನ್ನು ಮಾತ್ರ ನಾನು ಗಟ್ಟಿಯಾಗಿ ವಿರೋಧಿಸಿದೆ. 'ಕೊಡಲಾಗಲಿಲ್ಲ' ಗುಂಡಿಯ ಲೆಕ್ಕವನ್ನು ನೌಕರರ ಬೋನಸ್‌ಗೆ ಜೋಡಿಸೋಣ ಅನ್ನುವ ಮಾತು ಬಂತು. ಅಳತೆಯೇ ಗುರಿಯಾದರೆ ಅದು ಅಳತೆಯಾಗಿ ಉಳಿಯುವುದಿಲ್ಲ. 1975ರಲ್ಲಿ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹಣಕಾಸು ನೀತಿಯ ಬಗ್ಗೆ ಹೇಳಿದ ಮಾತಿನ ತಿರುಳು ಇದು. ಆ ಸಂಖ್ಯೆಗೆ ಬೋನಸ್ ಕಟ್ಟಿದ ಮರುದಿನವೇ ಗುಂಡಿ ಒತ್ತುವುದು ನಿಲ್ಲುತ್ತದೆ, ನಾವು ಮತ್ತೆ ಕುರುಡರಾಗುತ್ತೇವೆ. ಪ್ರಸ್ತಾಪ ಅಲ್ಲಿಗೇ ಬಿತ್ತು.

ಇನ್ನು ಉಳಿದ ಕೆಲಸ

ನಿಧಾನವಾಗಿ ಓಡುವ ಬಿಡಿಭಾಗಗಳು ಇನ್ನೂ ಬಗೆಹರಿದಿಲ್ಲ. ಅವುಗಳ ತಿಂಗಳ ಬೇಡಿಕೆ ಹೀಗಿರುತ್ತದೆ: 0, 0, 5, 0, 0, 0, 4, 0, 0, 6, 0, 0. ಇದಕ್ಕೆ ಸರಾಸರಿ, ಏರಿಳಿತ ಅಂತ ಮೇಲಿನ ಸೂತ್ರ ಹಾಕಿದರೆ ಅರ್ಥವಿಲ್ಲದ ಮಟ್ಟ ಬರುತ್ತದೆ. 1972ರಲ್ಲಿ ಕ್ರಾಸ್ಟನ್ ಕೊಟ್ಟ ವಿಧಾನ ಇಂಥದ್ದಕ್ಕೇ ಇರುವುದು. ಕೇಳಿದಾಗ ಎಷ್ಟು ಕೇಳುತ್ತಾರೆ, ಎಷ್ಟು ತಿಂಗಳಿಗೊಮ್ಮೆ ಕೇಳುತ್ತಾರೆ ಅನ್ನುವುದನ್ನು ಬೇರೆಬೇರೆಯಾಗಿ ಅಂದಾಜು ಮಾಡುತ್ತದೆ. ಇಲ್ಲಿ ಕೇಳಿದಾಗ ಸುಮಾರು 5, ಮೂರು ನಾಲ್ಕು ತಿಂಗಳಿಗೊಮ್ಮೆ. ಮೂಲ ವಿಧಾನ ಸ್ವಲ್ಪ ಜಾಸ್ತಿ ಅಂದಾಜು ಕೊಡುತ್ತದೆ, ಅದಕ್ಕೆ ಸಿಂಟೆಟೋಸ್ ಮತ್ತು ಬಾಯ್ಲನ್ ಮಾಡಿದ ತಿದ್ದುಪಡಿ ಸೇರಿಸಿ ಈಗ ಪರೀಕ್ಷೆ ಮಾಡುತ್ತಿದ್ದೇನೆ. ಹಳೆಯ ಎರಡು ವರ್ಷದ ಬೇಡಿಕೆಯ ಮೇಲೆ ಓಡಿಸಿ, ಆಗ ಈ ಪಟ್ಟಿ ಇದ್ದಿದ್ದರೆ ಯಾವ ಸಾಮಾನು ಯಾವಾಗ ಖಾಲಿಯಾಗುತ್ತಿತ್ತು ಅಂತ ನೋಡುವುದು. ತಾಳೆಯಾದರೆ ಈ ಸಾಮಾನುಗಳಿಗೆ ಬೇರೆ ಪಟ್ಟಿ ಬರುತ್ತದೆ. ಅಲ್ಲಿಯವರೆಗೆ ಅವುಗಳ ಆರ್ಡರ್ ಹಳಬರ ಕೈಯಲ್ಲೇ ಇದೆ, ಅವರು ಹಾಕುವ ಪ್ರತಿ ಸಂಖ್ಯೆಯೂ ಕಾರಣದ ಜೊತೆ ದಾಖಲಾಗುತ್ತಿದೆ.